ಕೆಲಸ ಆದ ಹಳೇ ಇಂಜಿನ್‌ಗೆ ಯಾವ ಆಯಿಲ್?

ಇಂಜಿನ್ ಇಳಿಸಿ, ಬಿಚ್ಚಿ, ಹೊಸ ರಿಂಗ್-ಪಿಸ್ಟನ್ ಹಾಕಿ ಕೂರಿಸಿದ ಹಳೇ ಕಾರಿಗೆ ಮೊದಲ ಸಲ ಯಾವ ಆಯಿಲ್ ಹಾಕಬೇಕು? ಕಲಬುರಗಿಯ ಸೇಡಂ ರಸ್ತೆಯಲ್ಲಿ ಕಳೆದ ಡಿಸೆಂಬರ್‌ನಲ್ಲಿ ಈ ಪ್ರಶ್ನೆ ಹಿಡ್ಕೊಂಡು ಓಡಾಡಿದೆ. ಸಿಕ್ಕ ಉತ್ತರಗಳು ಹೀಗಿದ್ದವು.

ಬಿಡಿಭಾಗದ ಅಂಗಡಿಯವರು: "ಫುಲ್ ಸಿಂಥೆಟಿಕ್ ಒಯ್ರಿ ಸರ್. ಇದರ ಮ್ಯಾಲಿಂದು ಮತ್ತ ಯಾವದೂ ಇಲ್ಲ."

ಗ್ಯಾರೇಜಿನ ಉಸ್ತಾದರು: "20-40 ಹಾಕ್ರಿ ಸಾಹೇಬ್ರ, ಸಾಕು."

ಸಿಮೆಂಟ್ ಲಾರಿ ಓಡಿಸುವ ನಮ್ಮ ಓಣಿಯ ಮಾಮಾ: "ಲಾರಿ ಆಯಿಲ್ ಹಾಕಿ ನೋಡು ತಮ್ಮ, ಇಂಜಿನ್ ಸಪ್ಪಳನೇ ಮಾಡಂಗಿಲ್ಲ."

ನಮ್ಮಪ್ಪ: "ಮೊದಲ ಏನ್ ಹಾಕ್ತಿದ್ದೆವೋ ಅದೇ ಹಾಕು. ಇಷ್ಟ ಯಾಕ ತಲಿ ಕೆಡಿಸ್ಕೊಳ್ಳತ್ತೀ?"

ತಲೆ ಕೆಡಿಸಿಕೊಳ್ಳಲು ಕಾರಣ ಇತ್ತು. ಗಾಡಿ 1984ರ ಪ್ರೀಮಿಯರ್ ಪದ್ಮಿನಿ. ಇಂಜಿನ್ ಕೆಲಸಕ್ಕೆ ಎರಡು ತಿಂಗಳು ಹಿಡಿದಿತ್ತು. ಬ್ಲಾಕ್ ಬೋರಿಂಗ್ ಆಗಿತ್ತು, ಕ್ರ್ಯಾಂಕ್ ಗ್ರೈಂಡಿಂಗ್ ಆಗಿತ್ತು, ಹೊಸ ಬೇರಿಂಗ್ ಕೂತಿದ್ದವು, ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್‌ಗಳನ್ನು ಊರೂರು ಫೋನ್ ಮಾಡಿ ಹುಡುಕಿ ತರಿಸಿದ್ದೆವು. ಅಪ್ಪ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: "ಇನ್ನೊಮ್ಮೆ ಇಂಜಿನ್ ಇಳಸೋದು ಬಂತಂದ್ರ ಗುಜರಿಗೆ ಕೊಟ್ಟಬಿಡ್ತೀನಿ." ಅಂದರೆ ಈ ಗಾಡಿಗೆ ಎರಡನೇ ಅವಕಾಶ ಇಲ್ಲ. ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಉಳಿಯುತ್ತವೋ ಸವೆಯುತ್ತವೋ ಎಂಬುದು ಮೊದಲ ಸಲ ಸ್ಟಾರ್ಟ್ ಮಾಡಿದ ಅರ್ಧ ಗಂಟೆಯಲ್ಲೇ ಬಹುಪಾಲು ತೀರ್ಮಾನವಾಗುತ್ತದೆ. ಆ ಅರ್ಧ ಗಂಟೆ ಅವುಗಳನ್ನು ಕಾಯಬೇಕಾದದ್ದು ಆಯಿಲ್.

ಈ ಇಂಜಿನ್ ಎಂಥದ್ದು?

ಪದ್ಮಿನಿ ಅಂದರೆ ಮೂಲದಲ್ಲಿ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1960ರ ದಶಕದಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದದ್ದು, 1970ರ ದಶಕದಲ್ಲಿ ಪದ್ಮಿನಿ ಆಯಿತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಇದೇ. ಅಲ್ಲಿ ಈ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು.

ಒಳಗಿರುವುದು 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ, ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿ. ನಡುವೆ ಟ್ಯಾಪೆಟ್, ಪುಶ್‌ರಾಡ್, ರಾಕರ್. ಅಂಬಾಸಡರ್‌ನ 1489 ಸಿಸಿ ಇಂಜಿನ್ ಕೂಡ ಇದೇ ಜಾತಿ.

ಇಲ್ಲಿ ಗಮನಿಸಬೇಕಾದದ್ದು ಟ್ಯಾಪೆಟ್. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಕ್ಯಾಮಿನ ಮೇಲೆ ಸಣ್ಣ ರೋಲರ್ ಉರುಳುತ್ತದೆ. ಪದ್ಮಿನಿಯಲ್ಲಿ ರೋಲರ್ ಇಲ್ಲ. ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ತಳವನ್ನು ನೇರವಾಗಿ ಉಜ್ಜಿಕೊಂಡೇ ಮೇಲೆತ್ತುತ್ತದೆ. ವಾಲ್ವ್ ಸ್ಪ್ರಿಂಗ್‌ನ ಅಷ್ಟೂ ಒತ್ತಡ ಉಗುರಿನಂಚಿನಷ್ಟು ಜಾಗದ ಮೇಲೆ. ಅಲ್ಲಿ ಬರೀ ಆಯಿಲ್‌ನ ಪದರ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ತಾಗೇ ತಾಗುತ್ತದೆ.

ಇದಕ್ಕೆ ಮದ್ದು 1940ರ ದಶಕದಿಂದಲೂ ಒಂದೇ: ಝಡ್‌ಡಿಡಿಪಿ ಎಂಬ ರಾಸಾಯನಿಕ. ಜಿಂಕ್, ಫಾಸ್ಫರಸ್, ಗಂಧಕ ಸೇರಿದ್ದು. ಒತ್ತಡ ಮತ್ತು ಶಾಖ ಹೆಚ್ಚಾದ ಕಡೆ ಇದು ಒಡೆದು ಲೋಹದ ಮೇಲೆ ಗಾಜಿನಂಥ ಪದರವಾಗಿ ಅಂಟಿಕೊಳ್ಳುತ್ತದೆ. ಕೂದಲಿಗಿಂತ ನೂರಾರು ಪಟ್ಟು ತೆಳು. ಕ್ಯಾಮಿನ ಬದಲು ಆ ಪದರ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಆಯಿಲ್‌ನಲ್ಲಿ ಇದು ಎಷ್ಟಿದೆ ಎಂಬುದೇ ನಮ್ಮ ಮೊದಲ ಪ್ರಶ್ನೆ.

ಡಬ್ಬಿ ಮೇಲಿನ ಅಕ್ಷರ

ಆಯಿಲ್ ಡಬ್ಬಿ ತಿರುಗಿಸಿದರೆ ಎಪಿಐ ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತ ಬರೆದಿರುತ್ತದೆ. 'ಎಸ್' ಅಂದರೆ ಪೆಟ್ರೋಲ್ ಇಂಜಿನ್‌ಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ.

ಕೋಡ್ ಬರೆಯೋರಿಗೆ ಇದು ವರ್ಷನ್ ನಂಬರ್ ತರಾನೇ ಕಾಣುತ್ತದೆ. ಹೊಸ ವರ್ಷನ್ ಬಂದರೆ ಹಳೆಯದರ ಕೆಲಸವನ್ನೂ ಅದು ಮಾಡಬೇಕು. ಎಪಿಐ ಕೂಡ ಹಾಗೇ ಹೇಳುತ್ತದೆ. ಕೆಸರು ಕಟ್ಟದಿರುವುದು, ಶಾಖ ತಡೆಯುವುದು, ಈ ವಿಷಯಗಳಲ್ಲಿ ಹೊಸ ಆಯಿಲ್ ನಿಜಕ್ಕೂ ಉತ್ತಮ. ಆದರೆ ಒಂದು ಕಡೆ ಮಾತ್ರ ಕೈ ಬಿಗಿಹಿಡಿದಿದ್ದಾರೆ. ಫಾಸ್ಫರಸ್ ಹೊಗೆಯ ಜೊತೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ನಿಧಾನಕ್ಕೆ ಹಾಳು ಮಾಡುತ್ತದೆ. ಹಾಗಾಗಿ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯೂ-30, 0ಡಬ್ಲ್ಯೂ-20ಯಂಥ ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ ಶೇ. 0.08 ಮೀರುವಂತಿಲ್ಲ. ಹಿಂದೆ ಶೇ. 0.10, 0.12 ಇರುತ್ತಿತ್ತು.

ನಮ್ಮಲ್ಲಿ ಕೆಟಲಿಟಿಕ್ ಕನ್ವರ್ಟರ್ ಬಂದದ್ದೇ 1995ರಲ್ಲಿ, ಅದೂ ಮೊದಲಿಗೆ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. 1984ರ ಪದ್ಮಿನಿಯಲ್ಲಿ ಅದು ಇಲ್ಲ. ಇಲ್ಲದ ವಸ್ತುವನ್ನು ಕಾಪಾಡಲು ಇರುವ ಕ್ಯಾಮನ್ನು ಯಾಕೆ ಅಪಾಯಕ್ಕೆ ಒಡ್ಡಬೇಕು? ಅಂಗಡಿಯವರು ಕೈಗಿಟ್ಟ ಫುಲ್ ಸಿಂಥೆಟಿಕ್ 0ಡಬ್ಲ್ಯೂ-20 ಕೆಟ್ಟ ಆಯಿಲ್ ಅಲ್ಲವೇ ಅಲ್ಲ, ಬೇರೆ ಇಂಜಿನ್ನಿನ ಆಯಿಲ್ ಅಷ್ಟೇ.

ಸಮಾಧಾನದ ಸಂಗತಿ ಏನೆಂದರೆ, 20ಡಬ್ಲ್ಯೂ-40, 20ಡಬ್ಲ್ಯೂ-50ಯಂಥ ದಪ್ಪ ಗ್ರೇಡ್‌ಗಳಿಗೆ ಆ 0.08ರ ಮೇಲ್ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಉಸ್ತಾದರ '20-40' ಬರೀ ರೂಢಿಯ ಮಾತಲ್ಲ, ಅದರಲ್ಲಿ ಹುರುಳಿದೆ. ಲಾರಿ ಮಾಮಾನ ಮಾತಿನಲ್ಲೂ ಇದೆ. ಡೀಸೆಲ್ ಲಾರಿಗಳ 15ಡಬ್ಲ್ಯೂ-40 ಸಿಐ-4 ಪ್ಲಸ್ ಆಯಿಲ್‌ನಲ್ಲಿ ಝಡ್‌ಡಿಡಿಪಿ ಧಾರಾಳ. ಸೇಡಂ, ಮಳಖೇಡ ಕಡೆಯ ಸಿಮೆಂಟ್ ಲಾರಿಗಳ ದೆಸೆಯಿಂದ ಈ ರಸ್ತೆಯಲ್ಲಿ ಅದು ಸಿಗದ ಅಂಗಡಿ ಇಲ್ಲ. ಆದರೆ ಪೆಟ್ರೋಲ್ ಗಾಡಿಗೆ ಹಾಕೋದಾದರೆ ಡಬ್ಬಿಯ ಮೇಲೆ 'ಸಿ' ಅಕ್ಷರದ ಪಕ್ಕದಲ್ಲಿ ಎಸ್‌ಎಲ್‌ನಂಥ 'ಎಸ್' ದರ್ಜೆಯೂ ಇದೆಯಾ ಅಂತ ನೋಡಿಕೊಳ್ಳಬೇಕು.

ಇನ್ನು ಬಾಟಲಿಯಲ್ಲಿ ಮಾರುವ ಜಿಂಕ್ ಸೇರ್ಪಡೆ. ಸರಿಯಾದ ಆಯಿಲ್ ಇದ್ದರೆ ಅದು ಬೇಡ. ಅಳತೆ ಮೀರಿದರೆ ಅದೇ ಝಡ್‌ಡಿಡಿಪಿ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ಅತಿಯಾದರೆ ಅಮೃತವೂ ವಿಷ ಅನ್ನೋದು ಇಲ್ಲೂ ನಿಜ.

ಡಬ್ಬಿ ಮೇಲಿನ ಅಂಕಿ

20ಡಬ್ಲ್ಯೂ-50 ಅಂದಾಗ ಮೊದಲ ಅಂಕಿ ಚಳಿಗೆ, ಎರಡನೆಯದು ಬಿಸಿಗೆ. 20ಡಬ್ಲ್ಯೂ ಆಯಿಲ್ ಮೈನಸ್ 15 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಬಿಡಬೇಕು, ಪರೀಕ್ಷೆ ನಡೆಯುವುದೇ ಆ ಉಷ್ಣತೆಯಲ್ಲಿ. 5ಡಬ್ಲ್ಯೂಗೆ ಅದು ಮೈನಸ್ 30. ಕಲಬುರಗಿಯಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ನಾವು ರಗ್ಗು ಹೊದ್ದರೂ ನೀರು ಹೆಪ್ಪುಗಟ್ಟುವ ಹತ್ತಿರಕ್ಕೂ ಹೋಗೋದಿಲ್ಲ. ಮೊದಲ ಅಂಕಿಯನ್ನು ಕಡಿಮೆ ಮಾಡಲು ಹೆಚ್ಚು ದುಡ್ಡು ಕೊಡೋದರಲ್ಲಿ ನಮಗೆ ದೊಡ್ಡ ಲಾಭವಿಲ್ಲ.

ನಮಗೆ ಮುಖ್ಯ ಎರಡನೇ ಅಂಕಿ. ಅದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿದಿದೆ ಎಂಬ ಲೆಕ್ಕ. ಆ ಅಳತೆಯಲ್ಲಿ 20ರ ಗ್ರೇಡ್ 6.9ರಿಂದ 9.3ರೊಳಗೆ ಬರುತ್ತದೆ, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಅಂದರೆ ಬಿಸಿಯಾದಾಗ 20ರ ಆಯಿಲ್ ಸಾಮಾನ್ಯವಾಗಿ 50ರದ್ದರ ಅರ್ಧದಷ್ಟೂ ದಪ್ಪ ಇರುವುದಿಲ್ಲ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟಿ ನಿಂತಾಗ, ಯೂನಿವರ್ಸಿಟಿ ಕಡೆಯಿಂದ ಊರೊಳಗೆ ಲಾರಿಗಳ ಹಿಂದೆ ಫಸ್ಟ್-ಸೆಕೆಂಡ್ ಗೇರಿನಲ್ಲಿ ತೆವಳುವಾಗ, ಬೇರಿಂಗ್‌ಗಳ ನಡುವೆ ನಿಲ್ಲುವ ಆಯಿಲ್ ಬೇಕು.

ಹಾಗಂತ ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋದೂ ತಪ್ಪು. ದಪ್ಪ ಆಯಿಲ್ ಮೇಲಿನ ರಾಕರ್‌ಗಳಿಗೆ ತಲುಪಲು ತಡ ಮಾಡುತ್ತದೆ. ಅದಕ್ಕೇ ಉಸ್ತಾದರನ್ನು ಬೇರಿಂಗ್ ಸಂದು ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿದೆ. "ಕಂಪನಿ ಹೇಳಿದಷ್ಟೇ ಅದ, ಸಡಿಲ ಇಲ್ಲ" ಅಂದರು. ಸಂದು ಹೊಸದರಷ್ಟೇ ಇದ್ದರೆ ಚಳಿಗಾಲಕ್ಕೆ 40 ಸಾಕು. ಸವೆದು ಸಡಿಲಾದ ಇಂಜಿನ್ ಆಗಿದ್ದರೆ 50 ಹಾಕುತ್ತಿದ್ದೆ.

ಮೊದಲ ಆಯಿಲ್ ಮಿನರಲ್ ಯಾಕೆ?

ಸಿಲಿಂಡರ್ ಗೋಡೆಗೆ ಹೋನಿಂಗ್ ಮಾಡಿದಾಗ ಒಂದರ ಮೇಲೊಂದು ಹಾಯುವ ಸಣ್ಣ ಗೆರೆಗಳು ಮೂಡುತ್ತವೆ. ಹೊಸ ರಿಂಗ್ ಆ ಗೆರೆಗಳ ತುದಿಯನ್ನು ಸ್ವಲ್ಪ ಸ್ವಲ್ಪ ತೇಯ್ದು ಗೋಡೆಗೆ ಸರಿಯಾಗಿ ಹೊಂದಿಕೊಳ್ಳಬೇಕು. ಇದಕ್ಕೇ ರಿಂಗ್ ಕೂರುವುದು ಅನ್ನೋದು. ಅದಕ್ಕೆ ಒಂದಿಷ್ಟು ಉಜ್ಜಾಟ ಬೇಕು. ಘರ್ಷಣೆ ತಗ್ಗಿಸಲೆಂದೇ ಹೆಚ್ಚಿನ ಸೇರ್ಪಡೆ ಇರುವ ನುಣುಪು ಆಯಿಲ್ ಈ ಹಂತದಲ್ಲಿ ಅನುಕೂಲವಲ್ಲ. ರಿಂಗ್ ಕೂರದಿದ್ದರೆ ಆಯಿಲ್ ಮೇಲೇರಿ ಸುಡುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಶಾಶ್ವತ.

ಇನ್ನೊಂದು ಕಾರಣ ಸರಳ. ಈ ಮೊದಲ ಆಯಿಲ್ 500 ಕಿ.ಮೀ.ಗೆ ಇಳಿಸಿ ಬಿಡೋದು. ತೇಯ್ದ ಲೋಹದ ಪುಡಿ, ಜೋಡಿಸುವಾಗ ಹಚ್ಚಿದ ಗ್ರೀಸ್, ಲೇತಿನಿಂದ ಬಂದ ಕಣ, ಎಲ್ಲಾ ಇದರಲ್ಲೇ ಹೊರಗೆ ಬರಬೇಕು. ಎರಡು-ಮೂರು ಪಟ್ಟು ಬೆಲೆಯ ಸಿಂಥೆಟಿಕ್ ಹಾಕಿ 500 ಕಿ.ಮೀ.ಗೆ ಚೆಲ್ಲುವುದರಲ್ಲಿ ಅರ್ಥವಿಲ್ಲ.

ಕೊನೆಗೆ ನಾನು ತಂದದ್ದು ಮಿನರಲ್ 20ಡಬ್ಲ್ಯೂ-40, ಎಪಿಐ ಎಸ್‌ಎಲ್. ಅಪ್ಪ ಡಬ್ಬಿ ನೋಡಿ, "ನಾ ಏನ್ ಹೇಳಿದ್ದೆ? ಮೊದಲಿಂದೂ ಇದೇ ಹಾಕ್ತಿದ್ದೆವಲ್ಲ" ಅಂದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಖರೀದಿಯ ಬಗ್ಗೆ ಒಂದೇ ಮಾತು: ನಕಲಿ ಆಯಿಲ್ ಹಾವಳಿ ಇದೆ. ಮುಚ್ಚಳದ ಸೀಲ್, ತಯಾರಾದ ತಿಂಗಳು, ಬ್ಯಾಚ್ ನಂಬರ್ ನೋಡಿ, ಬಿಲ್ ತೊಗೊಳ್ಳಿ. ಬಿಲ್ ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.

ಮೊದಲ ಇಪ್ಪತ್ತು ನಿಮಿಷ

ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಎಲ್ಲ ಕಡೆ ತಲುಪಿರಬೇಕು. ಉಸ್ತಾದರು ಕ್ಯಾಮಿನ ಉಬ್ಬುಗಳಿಗೆ, ಟ್ಯಾಪೆಟ್ ತಳಕ್ಕೆ ಜೋಡಿಸುವಾಗಲೇ ಮೊಲಿಬ್ಡಿನಂ ಗ್ರೀಸ್ ಹಚ್ಚಿದ್ದರು. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದರು. ಪ್ಲಗ್ ಇಲ್ಲದಿದ್ದರೆ ಒಳಗೆ ಒತ್ತಡ ಕಟ್ಟುವುದಿಲ್ಲ, ಬೇರಿಂಗ್‌ಗಳ ಮೇಲೆ ಭಾರ ಬೀಳದೆ ಪಂಪು ಆಯಿಲ್ ಏರಿಸುತ್ತದೆ. ಲೈಟ್ ಆರದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಬೇಕು.

ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ ಮೇಲೆ ಐಡಲ್‌ನಲ್ಲಿ ಬಿಡಬಾರದು. ಹೊಸ ಇಂಜಿನ್, ಪಾಪ, ನಿಧಾನಕ್ಕೆ ಓಡಲಿ ಅಂತ ಅನ್ನಿಸೋದು ಸಹಜ. ಆದರೆ ಕ್ಯಾಮಿಗೆ ಆಯಿಲ್ ಸಿಗೋದು ಬಹುಪಾಲು ಕ್ರ್ಯಾಂಕ್ ತಿರುಗುವ ರಭಸಕ್ಕೆ ಎರಚಿ. ಐಡಲ್‌ನಲ್ಲಿ ಆ ಎರಚಾಟ ತೀರಾ ಕಡಿಮೆ. ಆದ್ದರಿಂದ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಆಸುಪಾಸಿಗೆ ಏರಿಸಿ, ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ ಇಪ್ಪತ್ತು ನಿಮಿಷ ಓಡಿಸಬೇಕು. ಟ್ಯಾಪೆಟ್ ತನ್ನ ಜಾಗದಲ್ಲಿ ತಿರುಗುತ್ತಾ ಕ್ಯಾಮಿನ ಜೊತೆ ಹೊಂದಿಕೊಳ್ಳುವುದು ಆಗಲೇ. ಪದ್ಮಿನಿಯ ವಾಲ್ವ್ ಸ್ಪ್ರಿಂಗ್‌ಗಳು ರೇಸ್ ಗಾಡಿಯಷ್ಟು ಬಿಗಿ ಇಲ್ಲ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಆ ಇಪ್ಪತ್ತು ನಿಮಿಷ ಒಬ್ಬರ ಕಣ್ಣು ಆಯಿಲ್ ಲೈಟಿನ ಮೇಲೆ, ಒಬ್ಬರದು ಟೆಂಪರೇಚರ್ ಮೀಟರಿನ ಮೇಲೆ, ಒಬ್ಬರು ಕೆಳಗೆ ಸೋರಿಕೆ ನೋಡುತ್ತಾ ಇರಬೇಕು. ನಮ್ಮಲ್ಲಿ ಮೀಟರ್ ಕೆಲಸ ಅಪ್ಪನದು. ಇಪ್ಪತ್ತು ನಿಮಿಷ ಒಂದು ಮಾತೂ ಆಡಲಿಲ್ಲ ಅವರು. ಆಫ್ ಮಾಡಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಬಿಗಿ, ಟ್ಯಾಪೆಟ್ ಸಂದು ಮತ್ತೊಮ್ಮೆ ನೋಡಿದೆವು.

ಕಮಲಾಪುರದ ದಾರಿ

ರಿಂಗ್ ಕೂರಲು ಇಂಜಿನ್ ಮೇಲೆ ಭಾರ ಬೀಳಬೇಕು, ವೇಗ ಏರಿಳಿಯಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಆಗದು, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋದರೂ ಆಗದು. ಸೇಡಂ ರಸ್ತೆಯಲ್ಲಿ ಆಸ್ಪತ್ರೆ, ಕಾಲೇಜು, ಲಾರಿಗಳ ನಡುವೆ ಇದು ಸಾಧ್ಯವಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಊರು ದಾಟಿ ಹುಮನಾಬಾದ್ ದಾರಿ ಹಿಡಿದು ಕಮಲಾಪುರಕ್ಕೆ. ಹೋಗೋಕೆ ಮೂವತ್ತೈದು-ನಲವತ್ತು ಕಿ.ಮೀ., ಬರೋಕೆ ಅಷ್ಟೇ. 40ರಿಂದ 60ರವರೆಗೆ ಹದವಾಗಿ ಏರಿಸುವುದು, ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ತಾನಾಗಿ ಇಳಿಯಲು ಬಿಡುವುದು, ಮತ್ತೆ ಏರಿಸುವುದು. ಕಮಲಾಪುರದಲ್ಲಿ ಇಂಜಿನ್ ಆರಲು ಬಿಟ್ಟು ಚಹಾ, ಮನೆಗೆ ಅಲ್ಲಿಯ ಕೆಂಪು ಬಾಳೆಹಣ್ಣು. ಹೊರಡುವ ಮೊದಲು ತಪ್ಪದೇ ಡಿಪ್‌ಸ್ಟಿಕ್.

ಡಿಪ್‌ಸ್ಟಿಕ್ ಎಳೆದಾಗ ಮಟ್ಟ ನೋಡಿದರಷ್ಟೇ ಸಾಲದು, ಮೂಸಿ ಕೂಡ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಕಾರ್ಬುರೇಟರ್ ಹೆಚ್ಚು ಪೆಟ್ರೋಲ್ ಬಿಡುತ್ತಿದೆ ಎಂದರ್ಥ. ಆ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಕೆಳಗಿಳಿದರೆ ನೀವು ಎಷ್ಟು ಯೋಚಿಸಿ ತಂದ 40ರ ಆಯಿಲ್ ಆದರೂ ನೀರಾಗುತ್ತದೆ.

ಏಳನೇ ಭಾನುವಾರದ ಹೊತ್ತಿಗೆ 500 ಕಿ.ಮೀ. ತುಂಬಿತು. ಇಂಜಿನ್ ಬಿಸಿ ಇದ್ದಾಗಲೇ ಆಯಿಲ್ ಇಳಿಸಿದೆವು. ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತವನ್ನು ಉಸ್ತಾದರು ಅದರಲ್ಲಿ ಆಡಿಸಿ ಎತ್ತಿದರು. ಬೂದು ಬಣ್ಣದ ನುಣ್ಣನೆ ಹಿಟ್ಟು, ಅಷ್ಟೇ. ಬೆರಳಿಗೆ ಚುಚ್ಚುವ ಚೂರು, ಚಕ್ಕೆ ಇರಲಿಲ್ಲ. ಚಕ್ಕೆ ಬಂದಿದ್ದರೆ ಕ್ಯಾಮ್ ಇಲ್ಲವೇ ಬೇರಿಂಗ್ ಹೋಗುತ್ತಿದೆ ಎಂದರ್ಥ. "ನೋಡ್ರಿ ಸಾಹೇಬ್ರ, ಇಂಜಿನ್ ಕೂತದ" ಅಂದರು ಉಸ್ತಾದರು, ನನಗಲ್ಲ, ಅಪ್ಪನಿಗೆ. ಗುಜರಿಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬಂದಿಲ್ಲ.

ಹಳೇ ಆಯಿಲ್ ಗಟಾರಕ್ಕೆ ಸುರಿಯಬೇಡಿ. ಅದೇ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಈಗ ಬೇಸಿಗೆ ಎದುರಿಗಿದೆ. ಹಾಗಾಗಿ ಹೊಸ ಫಿಲ್ಟರ್ ಜೊತೆ ಹಾಕಿದ್ದು ಮಿನರಲ್ 20ಡಬ್ಲ್ಯೂ-50. ಇನ್ನು 3000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲು. ಓಡದೆ ನಿಂತ ಗಾಡಿಯ ಆಯಿಲ್‌ನಲ್ಲೂ ತೇವ ಮತ್ತು ಆಮ್ಲ ಸೇರುತ್ತವೆ.

ನಿಮ್ಮ ಗಾಡಿಗೆ?

ಇದನ್ನೆಲ್ಲಾ ಓದಿ ನಿಮ್ಮ ಬಿಎಸ್-6 ಕಾರಿಗೆ 20ಡಬ್ಲ್ಯೂ-50 ಸುರಿಯಬೇಡಿ. ಅದರ ಸಂದುಗಳು ಕಿರಿದು, ಆಯಿಲ್ ಹಾದಿಗಳು ತೆಳು ಆಯಿಲ್‌ಗೆಂದೇ ಮಾಡಿದವು, ಕಾಪಾಡಬೇಕಾದ ಕೆಟಲಿಟಿಕ್ ಕನ್ವರ್ಟರ್ ಕೂಡ ಇದೆ. ಅದಕ್ಕೆ ಮ್ಯಾನ್ಯುಯಲ್ ಹೇಳಿದ್ದೇ ಸರಿ. ಮನೆಯಲ್ಲಿ ಹಳೇ ಬುಲೆಟ್ ಅಥವಾ ಬೇರೆ ಫೋರ್ ಸ್ಟ್ರೋಕ್ ಬೈಕ್ ಇದ್ದು, ಅದರ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುವಂಥದ್ದಾದರೆ ಡಬ್ಬಿ ಮೇಲೆ ಜಾಸೋ ಎಂಎ ಎಂಬ ಗುರುತು ನೋಡಿ. ಕಾರಿನ ನುಣುಪು ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಅಂಗಡಿಗೆ ಹೋಗುವ ಮೊದಲು ಮೂರು ಸಂಗತಿ ಗೊತ್ತಿರಲಿ: ಟ್ಯಾಪೆಟ್ ರೋಲರ್‌ದಾ ಉಜ್ಜುವಂಥದ್ದಾ, ಕೆಟಲಿಟಿಕ್ ಕನ್ವರ್ಟರ್ ಇದೆಯಾ ಇಲ್ವಾ, ಬೇರಿಂಗ್ ಸಂದು ಹೊಸದರಷ್ಟಿದೆಯಾ ಸಡಿಲಾಗಿದೆಯಾ. ನಿಮ್ಮ ಮಿಸ್ತ್ರಿಗೆ ಕೇಳಿದರೆ ಎರಡು ನಿಮಿಷದಲ್ಲಿ ಹೇಳುತ್ತಾರೆ. ಆಯಿಲ್ ಹಾಕಿಸಿದ ಮೇಲೆ ತಾರೀಖು, ಕಿ.ಮೀ., ಗ್ರೇಡ್, ದರ್ಜೆ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದಿನ ಸಲ ಅಂಗಡಿಯವರು "ಇದರ ಮ್ಯಾಲಿಂದು ಇಲ್ಲ" ಅಂದಾಗ ಆ ಚೀಟಿ ತೋರಿಸಿದರಾಯ್ತು.